ಜೋಸೆಫ್ ವಾನ್ ಫ್ರೌನ್‌ಹೋಫರ್

ಜೋಸೆಫ್ ವಾನ್ ಫ್ರೌನ್‌ಹೋಫರ್ (6 ಮಾರ್ಚ್ 1787 – 7 ಜೂನ್ 1826) ಜರ್ಮನಿಯ ಬವೇರಿಯಾದ ಭೌತವಿಜ್ಞಾನಿ ಹಾಗೂ ಮಸೂರ ತಯಾರಕರು. ಸೂರ್ಯನ ರೋಹಿತದಲ್ಲಿ ಕಾಣುವ ಕಪ್ಪುಗೆರೆಗಳನ್ನು ಇವರ ಹೆಸರಿನಿಂದ ಕರೆಯಲಾಗುತ್ತದೆ. ಗಾಜಿನ ಗುಣವನ್ನು ನಿಖರವಾಗಿ ಅಳೆಯುವ ಪ್ರಯತ್ನದಲ್ಲಿ ಇವರು ಆ ಗೆರೆಗಳನ್ನು ಗುರುತಿಸಿದರು.

ಬಾಲ್ಯ

ಫ್ರೌನ್‌ಹೋಫರ್ ಸ್ಟ್ರಾಬಿಂಗ್ ಪಟ್ಟಣದ ಗಾಜುಗಾರನೊಬ್ಬನ ಮಗ. ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಮ್ಯೂನಿಕ್‌ನ ಕನ್ನಡಿ ತಯಾರಕನ ಬಳಿ ಕೆಲಸ ಕಲಿಯಲು ಸೇರಿದರು. 1801ರಲ್ಲಿ ಆ ಯಜಮಾನನ ಮನೆ ಕುಸಿದಾಗ ಬಾಲಕನನ್ನು ಅವಶೇಷಗಳಡಿಯಿಂದ ಜೀವಂತವಾಗಿ ಹೊರತೆಗೆಯಲಾಯಿತು. ರಕ್ಷಣಾಕಾರ್ಯದ ಸ್ಥಳಕ್ಕೆ ಬಂದಿದ್ದ ಅರಸ ಮ್ಯಾಕ್ಸಿಮಿಲಿಯನ್ ಜೋಸೆಫ್ ನೀಡಿದ ಹಣದಿಂದ ಹುಡುಗ ಗಾಜು ಉಜ್ಜುವ ಯಂತ್ರವನ್ನು ಕೊಂಡನು. ಉದ್ಯಮಿ ಉಟ್ಸ್‌ಶ್ನೈಡರ್ ಓದಲು ಪುಸ್ತಕಗಳನ್ನು ಒದಗಿಸಿ, 1806ರಲ್ಲಿ ತಮ್ಮ ಉಪಕರಣ ಸಂಸ್ಥೆಗೆ ಸೇರಿಸಿಕೊಂಡರು.

ಗಾಜು ಮತ್ತು ಕಪ್ಪುಗೆರೆಗಳು

ಸಂಸ್ಥೆಯ ಗಾಜಿನ ಕುಲುಮೆಯು ಬೆನೆಡಿಕ್ಟ್‌ಬೊಯರ್ನ್‌ನ ಹಳೆಯ ಕ್ರೈಸ್ತ ಮಠದಲ್ಲಿತ್ತು. ಅಲ್ಲಿ ಸ್ವಿಸ್ ಕುಶಲಕರ್ಮಿ ಗಿನಾಂ ಅವರು ಕರಗಿದ ಗಾಜನ್ನು ಕಲಕಿ ಏಕರೂಪಗೊಳಿಸುವ ವಿಧಾನವನ್ನು ಬಳಸುತ್ತಿದ್ದರು. ಫ್ರೌನ್‌ಹೋಫರ್ ಅದನ್ನು ಕಲಿತು ಸುಧಾರಿಸಿದರು.

ಚಿತ್ರದ ಅಂಚಿನಲ್ಲಿ ಬಣ್ಣ ಚೆಲ್ಲದ ದೂರದರ್ಶಕಕ್ಕೆ ಕ್ರೌನ್ ಮತ್ತು ಫ್ಲಿಂಟ್ ಎಂಬ ಎರಡು ಬಗೆಯ ಗಾಜಿನ ಮಸೂರಗಳನ್ನು ಜೋಡಿಸಬೇಕು. ಪ್ರತಿಯೊಂದು ಗಾಜು ಯಾವ ಬಣ್ಣವನ್ನು ಎಷ್ಟು ಬಾಗಿಸುತ್ತದೆಂದು ತಿಳಿಯದೆ ಈ ಜೋಡಣೆ ಊಹೆಯ ಕೆಲಸವಾಗುತ್ತಿತ್ತು. ರೋಹಿತದಲ್ಲಿ ಒಂದು ಬಣ್ಣ ಇನ್ನೊಂದರಲ್ಲಿ ಕರಗಿಹೋಗುವುದರಿಂದ ಅಳತೆಗೆ ಹಿಡಿಯಬಹುದಾದ ನಿಶ್ಚಿತ ಬಿಂದುವೇ ಇರಲಿಲ್ಲ. ದೀಪದ ಜ್ವಾಲೆಯಲ್ಲಿ ಕಂಡ ಪ್ರಕಾಶಮಾನ ಗೆರೆಯನ್ನು ಸೂರ್ಯನ ಬೆಳಕಿನಲ್ಲಿಯೂ ಹುಡುಕಿದಾಗ, ಅದರ ಬದಲು ಅಸಂಖ್ಯ ಕಪ್ಪುಗೆರೆಗಳು ಕಾಣಿಸಿದವು. ಅಂತಹ ಕೆಲವು ಗೆರೆಗಳನ್ನು 1802ರಲ್ಲಿಯೇ ಇಂಗ್ಲೆಂಡಿನ ವಲಾಸ್ಟನ್ ನೋಡಿದ್ದರಾದರೂ ಬಣ್ಣಗಳ ಗಡಿಯೆಂದು ಭಾವಿಸಿ ಕೈಬಿಟ್ಟಿದ್ದರು. ಫ್ರೌನ್‌ಹೋಫರ್ 570ಕ್ಕೂ ಹೆಚ್ಚು ಗೆರೆಗಳನ್ನು ಗುರುತಿಸಿ, ಪ್ರಮುಖವಾದವುಗಳಿಗೆ ಎ, ಬಿ, ಸಿ ಎಂದು ಹೆಸರಿಟ್ಟು, ಅವುಗಳ ಆಧಾರದಿಂದ ಗಾಜಿನ ವಕ್ರೀಭವನ ಸೂಚ್ಯಂಕವನ್ನು ಅಳೆದರು. ಕ್ಯಾಮೆರಾ, ಸೂಕ್ಷ್ಮದರ್ಶಕಗಳ ಮಸೂರ ವಿನ್ಯಾಸಕರು ಇಂದಿಗೂ ಗಾಜಿನ ವರ್ಣವಿಭಜನೆಯನ್ನು ಸಿ ಮತ್ತು ಎಫ್ ರೇಖೆಗಳನ್ನು ಹಿಡಿದು ಸೂಚಿಸುತ್ತಾರೆ.

ಗೆರೆಗಳ ಕಾರಣವು ಅವರಿಗೆ ತಿಳಿಯಲಿಲ್ಲ. ಅದನ್ನು 1859ರಲ್ಲಿ ಕಿರ್ಖೋಫ್ ವಿವರಿಸಿದರು. ಬೆಳಕಿನ ತರಂಗಾಂತರವನ್ನು ಅಳೆಯಲು ಫ್ರೌನ್‌ಹೋಫರ್ ವಿವರ್ತನ ಜಾಲರಿಗಳನ್ನೂ ನಿರ್ಮಿಸಿದ್ದರು.

ವಿದ್ವಾಂಸರ ನಡುವೆ

ವಿಶ್ವವಿದ್ಯಾಲಯದ ಶಿಕ್ಷಣವಿಲ್ಲದ ಕುಶಲಕರ್ಮಿಯನ್ನು ಬವೇರಿಯಾದ ವಿಜ್ಞಾನ ಅಕಾಡೆಮಿಗೆ ಸೇರಿಸಿಕೊಳ್ಳಲು ಕೆಲವು ಸದಸ್ಯರು ವಿರೋಧಿಸಿದರು. ಆ ಸದಸ್ಯರ ಆಕ್ಷೇಪವು ಅವರ ಮಸೂರಗಳ ಎದುರು ನಿಲ್ಲುವಂತಹುದಾಗಿರಲಿಲ್ಲ. 1824ರಲ್ಲಿ ಡೋರ್ಪಾಟ್ (ಇಂದಿನ ಎಸ್ಟೋನಿಯಾದ ಟಾರ್ಟು) ವೀಕ್ಷಣಾಲಯಕ್ಕೆ ಕಳುಹಿಸಿದ ಸುಮಾರು 24 ಸೆಂ.ಮೀ. ವ್ಯಾಸದ ದೂರದರ್ಶಕವು ಗಡಿಯಾರ ಯಂತ್ರದ ನೆರವಿನಿಂದ ನಕ್ಷತ್ರಗಳನ್ನು ಹಿಂಬಾಲಿಸುತ್ತಿತ್ತು. ಸ್ಟ್ರೂವೆ ಅದರಿಂದ ಸಾವಿರಾರು ಜೋಡಿ ನಕ್ಷತ್ರಗಳನ್ನು ಪಟ್ಟಿಮಾಡಿದರು. ಅದೇ ವರ್ಷ ಫ್ರೌನ್‌ಹೋಫರ್ ಅವರಿಗೆ ವಾನ್ ಎಂಬ ಬಿರುದು ದೊರೆಯಿತು.

ಅಳತೆಗಳನ್ನು ಮುಕ್ತವಾಗಿ ಪ್ರಕಟಿಸಿದ ಅವರು ಗಾಜು ತಯಾರಿಕೆಯ ವಿಧಾನವನ್ನು ಮಾತ್ರ ಸಂಸ್ಥೆಯ ವ್ಯಾಪಾರರಹಸ್ಯವಾಗಿಯೇ ಇರಿಸಿದರು. ಬವೇರಿಯಾದ ಗಾಜಿಗೆ ಸಮನಾದುದನ್ನು ತಯಾರಿಸಲು ಬ್ರಿಟನ್ನಿನಲ್ಲಿ ಮೈಕೆಲ್ ಫ್ಯಾರಡೆ ಹಲವು ವರ್ಷ ಶ್ರಮಿಸಿದರೂ ಹೆಚ್ಚಿನ ಫಲ ದೊರೆಯಲಿಲ್ಲ.

ನಿಧನ

ಕ್ಷಯರೋಗದಿಂದ ಬಳಲಿ, 39ನೆಯ ವಯಸ್ಸಿನಲ್ಲಿ ಮ್ಯೂನಿಕ್‌ನಲ್ಲಿ ನಿಧನರಾದರು. ಆಗ ಕೋನಿಗ್ಸ್‌ಬರ್ಗ್ ವೀಕ್ಷಣಾಲಯದ ಹೀಲಿಯೋಮೀಟರ್ ಇನ್ನೂ ಪೂರ್ಣಗೊಂಡಿರಲಿಲ್ಲ. ಬೆಸೆಲ್ 1838ರಲ್ಲಿ ಅದೇ ಉಪಕರಣದಿಂದ 61 ಸಿಗ್ನಿ ನಕ್ಷತ್ರದ ದೂರವನ್ನು ಅಳೆದರು.