ಮೂವತ್ತೈದು ನಿಮಿಷದ ಶುಕ್ರ: ಜೆರೆಮಿಯಾ ಹಾರಕ್ಸ್‌ನ ಬದುಕು

ಅಭ್ಯಾಸ ಬೋಧನೆಯ ದಿನಗಳಲ್ಲಿ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ವಿಜ್ಞಾನದ ಪಾಠಗಳನ್ನು ನೋಡುವಾಗ ಒಂದು ಸಂಗತಿ ನನ್ನ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ವಿಜ್ಞಾನಿಯ ಜೀವನವನ್ನು ಪೀಠಿಕೆಯಲ್ಲೇ ಎರಡು ನಿಮಿಷದಲ್ಲಿ ಮುಗಿಸಿಬಿಡುತ್ತಾರೆ: ಹುಟ್ಟಿದ ಇಸವಿ, ಊರು, ಕಂಡುಹಿಡಿದದ್ದು, ತೀರಿಕೊಂಡ ಇಸವಿ. ಈ ಅಚ್ಚಿಗೆ ಹಾರಕ್ಸ್‌ನನ್ನು ಹಾಕಿದರೆ ಹೇಳುವುದಕ್ಕೆ ಏನೂ ಸಿಗುವುದಿಲ್ಲ. ಅವನು ಹೊಸ ಗ್ರಹವನ್ನು ಕಂಡುಹಿಡಿಯಲಿಲ್ಲ, ಪದವಿ ಪಡೆಯಲಿಲ್ಲ, ಯಾವ ವೀಕ್ಷಣಾಲಯದಲ್ಲೂ ಕೆಲಸಕ್ಕಿರಲಿಲ್ಲ. ಆದರೂ ಸೌರವ್ಯೂಹದ ಪಾಠ ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ ನಾನು ಮೊದಲು ಸೂಚಿಸುವ ಹೆಸರು ಅವನದೇ.

ಇಂಗ್ಲೆಂಡಿನ ಲಿವರ್‌ಪೂಲ್ ಪಕ್ಕದ ಟಾಕ್ಸ್‌ಟೆತ್‌ನಲ್ಲಿ 1618ರ ಸುಮಾರಿಗೆ ಹುಟ್ಟಿದವನು. 1632ರಲ್ಲಿ ಕೇಂಬ್ರಿಜ್‌ನ ಇಮ್ಯಾನುಯೆಲ್ ಕಾಲೇಜಿಗೆ ಸೇರಿದ. ಬಡ ವಿದ್ಯಾರ್ಥಿ, ಕಾಲೇಜಿನಲ್ಲಿ ಸೇವೆ ಮಾಡಿ ಓದುವವರ ಪಟ್ಟಿಯಲ್ಲಿ ಅವನ ಹೆಸರಿತ್ತು. ಅಲ್ಲಿ ಖಗೋಳ ಹೇಳಿಕೊಡುವವರು ಇರಲಿಲ್ಲವೆಂದೇ ಹೇಳಬೇಕು. ಟೈಕೋ ಬ್ರಾಹೆ, ಕೆಪ್ಲರ್, ಲಾನ್ಸ್‌ಬರ್ಗ್ ಇವರ ಗ್ರಂಥಗಳನ್ನು ತಾನೇ ಓದಿ ಕಲಿತ. 1635ರಲ್ಲಿ ಪದವಿಯಿಲ್ಲದೆ ಊರಿಗೆ ಮರಳಿದ.

ಮರುವರ್ಷ ಅವನಿಗೆ ವಿಲಿಯಂ ಕ್ರಾಬ್‌ಟ್ರೀಯ ಪತ್ರಸ್ನೇಹ ದೊರಕಿತು. ಕ್ರಾಬ್‌ಟ್ರೀ ಮ್ಯಾಂಚೆಸ್ಟರ್ ಹತ್ತಿರ ಬಟ್ಟೆ ವ್ಯಾಪಾರ ಮಾಡುತ್ತಿದ್ದ. ಹಗಲು ಅಂಗಡಿ, ರಾತ್ರಿ ಆಕಾಶ. ಇಬ್ಬರೂ ಗ್ರಹಗಳ ಸ್ಥಾನವನ್ನು ಅಳೆದು, ಅಚ್ಚಾದ ಕೋಷ್ಟಕಗಳೊಂದಿಗೆ ಹೋಲಿಸಿ, ವ್ಯತ್ಯಾಸಗಳನ್ನು ಕಾಗದದಲ್ಲಿ ಬರೆದು ತಿಳಿಸಿಕೊಳ್ಳುತ್ತಿದ್ದರು. ದೊಡ್ಡವರ ಕೋಷ್ಟಕವೆಂದು ಒಪ್ಪಿಕೊಳ್ಳಲಿಲ್ಲ, ದೊಡ್ಡವರನ್ನು ಹಳಿಯಲೂ ಇಲ್ಲ. ಲಾನ್ಸ್‌ಬರ್ಗ್‌ನ ಕೋಷ್ಟಕಗಳು ಆಕಾಶಕ್ಕೆ ಹೊಂದುವುದಿಲ್ಲವೆಂದು ಮನವರಿಕೆಯಾದ ಮೇಲೆ ಹಾರಕ್ಸ್ ಕೆಪ್ಲರ್‌ನ ಕಡೆಗೆ ತಿರುಗಿದ. ಆಮೇಲೆ ಕೆಪ್ಲರ್‌ನನ್ನೂ ತಿದ್ದಲು ಕುಳಿತ.

ಶುಕ್ರ ಸಂಕ್ರಮಣದ ಕಥೆ ಹುಟ್ಟಿದ್ದು ಆ ತಿದ್ದುವ ಕೆಲಸದಿಂದಲೇ. ಸೂರ್ಯನಿಗೂ ನಮಗೂ ನಡುವೆ ಶುಕ್ರ ನೇರವಾಗಿ ಬಂದಾಗ ಸೂರ್ಯಬಿಂಬದ ಮೇಲೆ ಕರಿಯ ಚುಕ್ಕೆಯಂತೆ ಹಾದುಹೋಗುತ್ತದೆ. 1631ರಲ್ಲಿ ಹೀಗಾಗುತ್ತದೆಂದು ಕೆಪ್ಲರ್ ಮೊದಲೇ ಹೇಳಿದ್ದ; ಆದರೆ ಆಗ ಯೂರೋಪಿನಲ್ಲಿ ರಾತ್ರಿ. 1639ರಲ್ಲಿ ಶುಕ್ರ ಸೂರ್ಯನ ಪಕ್ಕದಲ್ಲಿ ಹಾದುಹೋಗುತ್ತದೆಯೇ ಹೊರತು ಬಿಂಬವನ್ನು ಮುಟ್ಟುವುದಿಲ್ಲ ಎಂಬುದು ಕೆಪ್ಲರ್‌ನ ಕೋಷ್ಟಕಗಳಿಂದ ಬರುವ ಉತ್ತರ. ತನ್ನ ಅಳತೆಗಳನ್ನಿಟ್ಟು ಹಾರಕ್ಸ್ ಮತ್ತೆ ಲೆಕ್ಕ ಹಾಕಿದ. ಶುಕ್ರ ಬಿಂಬದ ಕೆಳಭಾಗವನ್ನು ದಾಟಿಯೇ ಹೋಗಬೇಕು! ಇದು ತಿಳಿದದ್ದು ಘಟನೆಗೆ ಒಂದು ತಿಂಗಳಷ್ಟೇ ಮುಂಚೆ. ಕ್ರಾಬ್‌ಟ್ರೀಗೆ ಪತ್ರ ಬರೆದ, ಲಿವರ್‌ಪೂಲಿನಲ್ಲಿದ್ದ ತಮ್ಮ ಜೋನಾಸ್‌ಗೂ ತಿಳಿಸಿದ. ಬೇರೆ ಯಾರನ್ನೂ ಸಿದ್ಧಗೊಳಿಸಲು ಸಮಯವಿರಲಿಲ್ಲ.

ಆಗ ಅವನಿದ್ದದ್ದು ಲ್ಯಾಂಕಾಶೈರಿನ ಮಚ್ ಹೂಲ್ ಎಂಬ ಹಳ್ಳಿಯಲ್ಲಿ. ದಿನ 1639ರ ನವೆಂಬರ್ 24, ಭಾನುವಾರ. ಇಂಗ್ಲೆಂಡು ಆಗಿನ್ನೂ ಹಳೆಯ ಪಂಚಾಂಗವನ್ನೇ ಬಳಸುತ್ತಿತ್ತು. ಇಂದಿನ ಲೆಕ್ಕದಲ್ಲಿ ಅದು ಡಿಸೆಂಬರ್ 4. ಪುಸ್ತಕಗಳಲ್ಲಿ ಎರಡೂ ದಿನಾಂಕ ಕಾಣುತ್ತವೆ, ಮಕ್ಕಳು ಕೇಳಿಯೇ ಕೇಳುತ್ತಾರೆ.

ಅವನ ಸಲಕರಣೆಯನ್ನು ಪಾಠಟಿಪ್ಪಣಿಯಲ್ಲಿ ವಿವರವಾಗಿ ಬರೆದುಕೊಳ್ಳಿ ಎನ್ನುತ್ತೇನೆ. ಹಾರಕ್ಸ್ ಸೂರ್ಯನನ್ನು ನೇರವಾಗಿ ನೋಡಲಿಲ್ಲ. ಕೋಣೆಯನ್ನು ಕತ್ತಲೆ ಮಾಡಿ, ದೂರದರ್ಶಕದಿಂದ ಬರುವ ಬಿಸಿಲನ್ನು ಕಾಗದದ ಮೇಲೆ ಬೀಳಿಸಿದ. ಕಾಗದದ ಮೇಲೆ ಸುಮಾರು 6 ಅಂಗುಲ ವ್ಯಾಸದ ವೃತ್ತ. ಅದರ ಪರಿಧಿಗೆ 360 ಭಾಗಗಳ ಗುರುತು, ವ್ಯಾಸಕ್ಕೆ 120 ಭಾಗಗಳದು. ನಮ್ಮ ಶಾಲೆಯಲ್ಲಿ ಕೈವಾರ, ಕೋನಮಾಪಕ ಇದ್ದರೆ ಈ ಹಾಳೆಯನ್ನು ಮಕ್ಕಳೇ ಒಂದು ಅವಧಿಯಲ್ಲಿ ತಯಾರಿಸಬಲ್ಲರು.

ಲೆಕ್ಕದ ಪ್ರಕಾರ ಶುಕ್ರ ಬರಬೇಕಾದದ್ದು ಮಧ್ಯಾಹ್ನ ಮೂರರ ಸುಮಾರಿಗೆ. ಆದರೆ ಕೋಷ್ಟಕಗಳನ್ನು ಪೂರ್ತಿ ನಂಬದ ಅವನು ಹಿಂದಿನ ದಿನವೇ ನೋಡಲು ಕುಳಿತಿದ್ದ. ಭಾನುವಾರ ಸೂರ್ಯ ಹುಟ್ಟಿದಾಗಿನಿಂದ ಒಂಬತ್ತರವರೆಗೆ, ಹತ್ತಕ್ಕೆ ಸ್ವಲ್ಪ ಮೊದಲು, ಮಧ್ಯಾಹ್ನಕ್ಕೆ, ಮತ್ತೆ ಒಂದರಿಂದ ಎರಡರವರೆಗೆ ನೋಡಿದ. ನಡುನಡುವೆ ಎದ್ದುಹೋಗಿದ್ದಾನೆ. ಬಿಡಲಾಗದ, ಇದಕ್ಕಿಂತ ಮೇಲಿನ ಕರ್ತವ್ಯಗಳು ಕರೆದವು ಎಂಬಷ್ಟನ್ನೇ ಬರೆದಿಟ್ಟಿದ್ದಾನೆ. ಭಾನುವಾರವಾದ್ದರಿಂದ ಚರ್ಚಿನ ಕೆಲಸವೆಂದು ಬಹಳ ಜನ ಊಹಿಸಿದ್ದಾರೆ. ಅವನನ್ನು ಪಾದ್ರಿಯೆಂದೇ ಚಿತ್ರಿಸಿದವರೂ ಉಂಟು. ಊಹೆಯನ್ನು ಊಹೆಯೆಂದೇ ಹೇಳುವುದು ವಿಜ್ಞಾನದ ಪಾಠಕ್ಕೆ ಶೋಭೆ.

ಮೂರೂಕಾಲಕ್ಕೆ ಅವನು ಮರಳಿ ಬಂದಾಗ ಮೋಡ ಸರಿಯಿತು. ಹಾಳೆಯ ಮೇಲಿನ ಬಿಂಬದಲ್ಲಿ ದುಂಡನೆಯ ಕರಿ ಚುಕ್ಕೆ, ಆಗತಾನೇ ಪೂರ್ತಿ ಒಳಗೆ ಬಂದಿತ್ತು. ಮೂರು ಐವತ್ತಕ್ಕೆ ಸೂರ್ಯಾಸ್ತ. ಕೈಯಲ್ಲಿದ್ದದ್ದು ಮೂವತ್ತೈದು ನಿಮಿಷ. ಅಷ್ಟರಲ್ಲಿ ಮೂರು ಬಾರಿ ಚುಕ್ಕೆಯ ಸ್ಥಾನವನ್ನು ಗುರುತಿಸಿದ, ಗಾತ್ರವನ್ನು ಅಳೆದ. ಹಾಳೆಯ ಮೇಲೆ ಅದು ಆರು ಮಿಲಿಮೀಟರ್ ಆಸುಪಾಸು. ಕೆಪ್ಲರ್ ನಿರೀಕ್ಷಿಸಿದ್ದಕ್ಕಿಂತ ಎಷ್ಟೋ ಚಿಕ್ಕದು. ಕ್ರಾಬ್‌ಟ್ರೀಯ ಊರಿನಲ್ಲಿ ಮೂರೂವರೆ ದಾಟುವವರೆಗೂ ಮೋಡ ಬಿಡಲಿಲ್ಲ. ಬಿಸಿಲು ಮೂಡಿ ಚುಕ್ಕೆ ಕಂಡಾಗ ಅವನು ಹರ್ಷದಿಂದ ಮೈಮರೆತು ನಿಂತುಬಿಟ್ಟ. ಎಚ್ಚರವಾಗುವಷ್ಟರಲ್ಲಿ ಮೋಡ ಮತ್ತೆ ಮುಚ್ಚಿತ್ತು. ನೆನಪಿನಿಂದಲೇ ಒಂದು ಚಿತ್ರ ಬರೆದ. ಜೋನಾಸ್‌ಗೆ ಮೋಡವಲ್ಲದೆ ಬೇರೇನೂ ಕಾಣಲಿಲ್ಲ. ಶುಕ್ರ ಸಂಕ್ರಮಣವನ್ನು ಕಂಡು ದಾಖಲಿಸಿದವರು ಅಂದು ಇಬ್ಬರೇ.

ಆ ಅಳತೆಯಿಂದ ಹಾರಕ್ಸ್ ಸೂರ್ಯನ ದೂರವನ್ನೂ ಅಂದಾಜು ಮಾಡಿದ. ಸೂರ್ಯನಲ್ಲಿ ನಿಂತು ನೋಡಿದರೆ ಶುಕ್ರ ಸುಮಾರು 28 ವಿಕಲೆಗಳಷ್ಟು ಕಾಣುತ್ತದೆ ಎಂದು ಲೆಕ್ಕ ಬಂತು. ಇತರ ಗ್ರಹಗಳೂ ಅಷ್ಟೇ ಕಾಣುತ್ತವೆ, ಭೂಮಿಯೂ ಹಾಗೆಯೇ ಎಂದು ಭಾವಿಸಿ, ಸೂರ್ಯ 15,000 ಭೂತ್ರಿಜ್ಯಗಳಷ್ಟು ದೂರವಿದೆಯೆಂದ. ಅಂದರೆ ಹೆಚ್ಚುಕಡಿಮೆ ಒಂಬತ್ತೂವರೆ ಕೋಟಿ ಕಿಲೋಮೀಟರ್. ನಿಜವಾದ ದೂರ 15 ಕೋಟಿ. ಅಳತೆ ಚೆನ್ನಾಗಿತ್ತು, ಭಾವನೆ ತಪ್ಪಾಗಿತ್ತು. ಆದರೂ ಅದುವರೆಗೆ ಹೇಳಲಾಗಿದ್ದ ದೂರಗಳಿಗಿಂತ ಇದು ಸತ್ಯಕ್ಕೆ ಬಹಳ ಹತ್ತಿರ. ಇಲ್ಲಿ ಪಾಠವನ್ನು ಸ್ವಲ್ಪ ನಿಲ್ಲಿಸಿ, ತಪ್ಪು ಎಲ್ಲಿ ನುಸುಳಿತೆಂದು ಮಕ್ಕಳಿಂದಲೇ ಹುಡುಕಿಸಬೇಕು. ನನ್ನ ದೃಷ್ಟಿಯಲ್ಲಿ ಇಡೀ ಪಾಠದ ಜೀವ ಇದೇ. ಸಮಯ ಸಾಲದಿದ್ದರೆ ಉಳಿದದ್ದನ್ನು ಬಿಡಿ.

ಚಂದ್ರ ಭೂಮಿಯ ಸುತ್ತ ದೀರ್ಘವೃತ್ತದಲ್ಲಿ ಚಲಿಸುತ್ತಾನೆಂದು ತೋರಿಸಿದವನೂ ಅವನೇ. ನ್ಯೂಟನ್ ತನ್ನ ಮಹಾಗ್ರಂಥದಲ್ಲಿ ಅದನ್ನು ನೆನೆದಿದ್ದಾನೆ.

2004ರ ಜೂನ್ 8 ಮತ್ತು 2012ರ ಜೂನ್ 6ರ ಸಂಕ್ರಮಣಗಳು ನಮ್ಮ ರಾಜ್ಯಕ್ಕೂ ಕಾಣುವಂಥವಾಗಿದ್ದವು. ಮುಂದಿನದು 2117ರಲ್ಲಿ. ಆದರೆ 2032ರ ನವೆಂಬರ್ 13ರಂದು ಬುಧ ಸೂರ್ಯಬಿಂಬವನ್ನು ದಾಟುತ್ತದೆ, ಮಧ್ಯಾಹ್ನ ಇಲ್ಲಿಂದಲೇ ನೋಡಬಹುದು. ಬುಧ ತೀರಾ ಚಿಕ್ಕದು, ಸೂಜಿರಂಧ್ರದ ಪೆಟ್ಟಿಗೆಯಲ್ಲಿ ಕಾಣದು. ಹಾರಕ್ಸ್‌ನಂತೆ ದೂರದರ್ಶಕದಿಂದ ಹಾಳೆಯ ಮೇಲೆ ಬೀಳಿಸಬೇಕು. ದೂರದರ್ಶಕಕ್ಕೆ ಕಣ್ಣಿಡಲು ಮಾತ್ರ ಯಾವ ಮಗುವನ್ನೂ ಬಿಡಬಾರದು. ಈಗ ಬಿ.ಎಡ್. ಓದುತ್ತಿರುವವರು ಆ ಹೊತ್ತಿಗೆ ಯಾವುದಾದರೊಂದು ಪ್ರೌಢಶಾಲೆಯಲ್ಲಿ ಇರುತ್ತೀರಿ.

1640ರಲ್ಲಿ ಹಾರಕ್ಸ್ ಟಾಕ್ಸ್‌ಟೆತ್‌ಗೆ ಮರಳಿದ. ಕ್ರಾಬ್‌ಟ್ರೀಯ ಮನೆಗೆ ಹೋಗುವುದೆಂದು 1641ರ ಜನವರಿ 4 ನಿಶ್ಚಯವಾಗಿತ್ತು. ಮೂರರ ಬೆಳಿಗ್ಗೆ ಹಠಾತ್ತನೆ ತೀರಿಕೊಂಡ, ವಯಸ್ಸು 22. ಗೆಳೆಯನ ಕಾಗದಗಳನ್ನು ಕಟ್ಟಿಟ್ಟು, ಅವನು ಬರಬೇಕಾಗಿದ್ದ ಹಿಂದಿನ ದಿನವೇ ಹೋದನೆಂದು ಕ್ರಾಬ್‌ಟ್ರೀ ಅದರ ಮೇಲೆ ಬರೆದಿಟ್ಟ. ಮೂರು ವರ್ಷದಲ್ಲಿ ಅವನೂ ಹೋದ. ಅಂತರ್ಯುದ್ಧದ ಗಲಭೆಯಲ್ಲಿ ಹಾರಕ್ಸ್‌ನ ಕೆಲವು ಬರಹಗಳು ನಾಶವಾದವು. ಉಳಿದವುಗಳಲ್ಲಿ ಸಂಕ್ರಮಣದ ಲ್ಯಾಟಿನ್ ಪ್ರಬಂಧವೊಂದಿತ್ತು. ಅದನ್ನು 1662ರಲ್ಲಿ ಹೆವೇಲಿಯಸ್ ಎಂಬ ಖಗೋಳಜ್ಞ ದೂರದ ಡಾನ್ಸಿಗ್‌ನಲ್ಲಿ ಅಚ್ಚು ಹಾಕಿಸಿದ.