ಕಲ್ಲಿನ ಮಾತು ಕಲಿಸಿದ ಗುರು: ಡಾ. ಎಂ.ಎಚ್. ಕೃಷ್ಣ

ಕನ್ನಡ ನಾಡಿನ ಪ್ರಾಚೀನ ಚರಿತ್ರೆಯನ್ನು ಮಣ್ಣಿನಡಿಯಿಂದ ಬೆಳಕಿಗೆ ತಂದ ವಿದ್ವಾಂಸರಲ್ಲಿ ಡಾ. ಎಂ.ಎಚ್. ಕೃಷ್ಣ ಅವರು ಅಗ್ರಗಣ್ಯರು. 1892ರಲ್ಲಿ ಜನಿಸಿದ ಅವರು ಲಂಡನ್ ವಿಶ್ವವಿದ್ಯಾನಿಲಯದಿಂದ ಡಿ.ಲಿಟ್. ಪದವಿ ಪಡೆದು ಮರಳಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರಾದರು. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ನಿರ್ದೇಶಕರ ಹೊಣೆಯನ್ನೂ ಹೊತ್ತರು. ಹೀಗೆ ಪಾಠ ಹೇಳುವವರೂ ನೆಲವನ್ನು ಅಗೆಸಿ ನೋಡುವವರೂ ಒಬ್ಬರೇ ಆದದ್ದು ನಾಡಿನ ಭಾಗ್ಯ.

1929ರಲ್ಲಿ ಅವರು ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳೊಡನೆ ರೋಮಿನ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್ ಅವರ ಬೆಳ್ಳಿ ನಾಣ್ಯಗಳೂ ದೊರೆತ ನೆಲವದು. ಕಡಲಾಚೆಯ ವ್ಯಾಪಾರವು ರೇವುಪಟ್ಟಣಗಳನ್ನು ದಾಟಿ ಒಳನಾಡಿನವರೆಗೂ ಹಬ್ಬಿತ್ತೆಂಬುದಕ್ಕೆ ಇವು ಸಾಕ್ಷಿ. ಕದಂಬ ಮಯೂರಶರ್ಮನು ಕೆರೆ ಕಟ್ಟಿಸಿದುದನ್ನು ತಿಳಿಸುವ ಬಂಡೆಗಲ್ಲಿನ ಶಾಸನವನ್ನೂ ಅವರು ಅಲ್ಲಿಯೇ ಬೆಳಕಿಗೆ ತಂದರು.

ಸರಕು ಸಾಗಿದ ದಾರಿಯಲ್ಲಿಯೇ ಧರ್ಮವೂ ಸಾಗುತ್ತದೆ. ಅದೇ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಧರ್ಮಶಾಸನವಿದೆ. ಅಲ್ಲಿ ಕೃಷ್ಣ ಅವರು ನಡೆಸಿದ ಉತ್ಖನನದಲ್ಲಿ ಇಟ್ಟಿಗೆಯ ಬೌದ್ಧ ಚೈತ್ಯದ ತಳಪಾಯ ಗೋಚರಿಸಿತು. ಮಗಧದಲ್ಲಿ ಹುಟ್ಟಿದ ಬೌದ್ಧ ಧರ್ಮವು ಕನ್ನಡ ನೆಲದಲ್ಲಿ ನೆಲೆ ಕಂಡಿತ್ತೆಂಬುದನ್ನು ಆ ಇಟ್ಟಿಗೆಗಳು ಸಾರುತ್ತವೆ.

1936ರಲ್ಲಿ ಬೇಲೂರು ತಾಲ್ಲೂಕಿನ ಹಲ್ಮಿಡಿ ಗ್ರಾಮದ ಶಾಸನವನ್ನು ಅವರು ವಿದ್ವಲ್ಲೋಕದ ಮುಂದಿರಿಸಿದರು. ಐದನೆಯ ಶತಮಾನದ, ವಿಷ್ಣುಸ್ತುತಿಯಿಂದ ಆರಂಭವಾಗುವ ಈ ಶಾಸನವು ಕನ್ನಡದ ಪ್ರಾಚೀನತೆಗೆ ಬಲವಾದ ಆಧಾರವಾಯಿತು. ಹಳ್ಳಿಯ ಗುಡಿಯ ಮುಂದೆ ನಿಂತಿದ್ದ ಒಂದು ಕಲ್ಲು ನಮ್ಮ ನುಡಿಯ ವಯಸ್ಸನ್ನು ಹೇಳಿತು.

1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಮತ್ತೆ ಉತ್ಖನನ ನಡೆಸಿ, ಕೃಷ್ಣ ಅವರು ತೆರೆದ ದಾರಿಯಲ್ಲಿ ಮುನ್ನಡೆದರು. ಅದೇ ವರ್ಷ ಕೃಷ್ಣ ಅವರು ಕಾಲವಶರಾದರು.

ಹೊಸೂರು, ಕೃಷ್ಣಗಿರಿಗಳ ಸುತ್ತಮುತ್ತ ಹೊಲದ ಬದುಗಳಲ್ಲಿ, ಕೆರೆಯ ಏರಿಗಳಲ್ಲಿ ವೀರಗಲ್ಲುಗಳು ಇಂದಿಗೂ ನಿಂತಿವೆ. ಅವುಗಳಲ್ಲಿ ಕೆಲವು ತಮಿಳಿನಲ್ಲಿ, ಕೆಲವು ಕನ್ನಡದಲ್ಲಿ ಮಾತನಾಡುತ್ತವೆ. ಕನ್ನಡ ಓದಬಲ್ಲ ಮಕ್ಕಳು ಈ ಸೀಮೆಯಲ್ಲಿ ಇಲ್ಲವಾದರೆ ಆ ಕಲ್ಲುಗಳು ನಮ್ಮ ಪಾಲಿಗೆ ಮೂಕವಾಗುತ್ತವೆ. ನೂರು ವರ್ಷಗಳಿಂದ ಈ ಶಾಲೆ ಕಲಿಸುತ್ತಿರುವ ಅಕ್ಷರಮಾಲೆಯ ಬೆಲೆ ಅದು. ಪೋಷಕರು ಮಕ್ಕಳನ್ನು ಒಮ್ಮೆ ಆ ಕಲ್ಲುಗಳ ಬಳಿಗೆ ಕರೆದೊಯ್ಯಲಿ, ಅದೇ ಡಾ. ಕೃಷ್ಣ ಅವರಿಗೆ ನಾವು ಸಲ್ಲಿಸುವ ಗುರುಕಾಣಿಕೆ.