ಕಾಡಿನ ಕಥೆಗಾರ ಕೆನೆತ್ ಆಂಡರ್ಸನ್

ದಕ್ಷಿಣ ಭಾರತದ ಕಾಡುಗಳ ಸಾಹಸವನ್ನು ಜಗತ್ತಿಗೆ ತಿಳಿಸಿದ ಕೆನೆತ್ ಆಂಡರ್ಸನ್ನರು 1910ರಲ್ಲಿ ಸಿಕಂದರಾಬಾದಿನ ಬಳಿಯ ಬೊಲಾರಂದಲ್ಲಿ ಜನಿಸಿದರು. ಸ್ಕಾಟ್‌ಲೆಂಡ್ ಮೂಲದ ಮನೆತನ, ಬದುಕಿದ್ದು ಬೆಂಗಳೂರಿನಲ್ಲಿ. ಅಲ್ಲಿಯ ವಿಮಾನ ಕಾರ್ಖಾನೆಯಲ್ಲಿ ಅವರಿಗೆ ಉದ್ಯೋಗ. ಕನ್ನಡ, ತಮಿಳುಗಳನ್ನು ಬಲ್ಲವರಾದುದರಿಂದ ಹಳ್ಳಿಗರೊಡನೆ ಸಲೀಸಾಗಿ ಬೆರೆಯುತ್ತಿದ್ದರು. ಕಾಡಿನಲ್ಲಿಯೇ ಬಾಳಿದ ಬೈರ ಪೂಜಾರಿಯು ಅವರಿಗೆ ಗೆಳೆಯನೂ ಗುರುವೂ ಆಗಿದ್ದನು.

ಅವರ ಮೊದಲ ಪುಸ್ತಕವು 1954ರಲ್ಲಿ ಹೊರಬಂದಿತು. ತಮ್ಮ ಗೆಲವಿನಂತೆ ಸೋಲನ್ನೂ ಭಯವನ್ನೂ ಅವರು ಮುಚ್ಚಿಡದೆ ಬರೆದರು. ಮನುಷ್ಯರ ಗುಂಡಿನಿಂದ ಗಾಯಗೊಂಡು, ಬೇಟೆಯಾಡಲಾರದ ಹುಲಿಯೇ ಎಷ್ಟೋ ಸಲ ನರಭಕ್ಷಕವಾಗುವುದೆಂದು ತೋರಿಸಿದರು. ಹೀಗೆ ಅಪರಾಧದ ಮೂಲವನ್ನು ಹುಡುಕಿದ ಬೇಟೆಗಾರರು ಕ್ರಮೇಣ ಬಂದೂಕಿಗಿಂತ ಕ್ಯಾಮರಾವನ್ನೇ ಮೆಚ್ಚಿದರು. 1974ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಇಂಗ್ಲಿಷಿಗೆ ಅಂಜುವ ಮಿತ್ರರಿಗಾಗಿ ಪೂರ್ಣಚಂದ್ರ ತೇಜಸ್ವಿಯವರು ಈ ಕಥೆಗಳನ್ನು ಕನ್ನಡಕ್ಕೆ ತಂದಿದ್ದಾರೆ. ‘ಬೆಳಂದೂರಿನ ನರಭಕ್ಷಕ’ದಿಂದ ಆರಂಭಿಸಬಹುದು. ಮಲಪ್ರಭೆಯ ದಂಡೆಯ ಕೊಣ್ಣೂರಿನ ಎರೆಹೊಲಗಳಲ್ಲಿ ಬೆಳೆದ ನನಗೆ ಕಾಡು ಮೊದಲು ಕಂಡದ್ದು ಆ ಪುಟಗಳಲ್ಲಿಯೇ. ಓದಿ ಮುಗಿಸಿದಾಗ ಹುಲಿಯ ಮೇಲಿನ ಭಯ ಹೋಗಿರಲಿಲ್ಲ. ಆದರೆ ಅದರ ಮೇಲೆ ಮರುಕವೂ ಹುಟ್ಟಿತ್ತು.